ರುಚಿಯ ಜಗಳ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಊಟವನ್ನೂ ಮಾತನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಅವರ ಜಾಣತನ ಮೆಚ್ಚತಕ್ಕದ್ದೇ. ಗಾದೆಯ ಮೊದಲನೆಯ ಅರ್ಧವನ್ನು ವೈದ್ಯರಿಗೆ ಬಿಟ್ಟುಬಿಡೋಣ. ಎರಡನೆಯ ಅರ್ಧದ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಸಂದೇಹ. ನಾಲ್ವರು ಸ್ನೇಹಿತರು ಸಂಜೆಯ ಹೊತ್ತು ಜಗಲಿಯ ಮೇಲೆ ಸೇರಿ, ಎರಡು ಗಂಟೆ ಮಾತಾಡಿ, ಒಂದು ಸಾರಿಯೂ ಧ್ವನಿ ಏರಿಸದೆ ಎದ್ದುಹೋದರೆ ಅದು ಹರಟೆಯಾಗುತ್ತದೆಯೆ? ಸಂತಾಪಸೂಚಕ ಸಭೆಯಾದೀತು, ಹರಟೆಯಾಗಲಾರದು.

ನಾನು ಹೇಳುತ್ತಿರುವುದು ಆಸ್ತಿಯ ಜಗಳವನ್ನಲ್ಲ, ಚುನಾವಣೆಯ ಜಗಳವನ್ನೂ ಅಲ್ಲ. ಅವುಗಳಿಗೆ ಕೋರ್ಟುಗಳಿವೆ, ಮತಗಟ್ಟೆಗಳಿವೆ. ಯಾರು ಹಾಡಿದ ತೋಡಿ ಮೇಲು, ಯಾವ ನಾಟಕದ ಹಾಡು ಸೊಗಸು, ಸಾರಿಗೆ ಹುಳಿ ಎಷ್ಟಿರಬೇಕು, ಹೊಸದಾಗಿ ಮನೆಗೆ ಬಂದ ಯಂತ್ರದಿಂದ ಲಾಭವೋ ನಷ್ಟವೋ, ಇಂಥ ಜಗಳ. ಇದಕ್ಕೆ ನ್ಯಾಯಾಧೀಶರಿಲ್ಲ. ಆದ್ದರಿಂದಲೇ ವಿವೇಕಿಗಳು, "ಲೋಕವೆಲ್ಲ ಭಿನ್ನರುಚಿ. ಅವರವರ ಇಷ್ಟ ಅವರವರಿಗೆ, ಬಿಡಿ ಸ್ವಾಮಿ" ಎಂದು ಮಾತಿಗೆ ಬೀಗ ಹಾಕಿಬಿಡುತ್ತಾರೆ. ಕೇಳುವುದಕ್ಕೆ ಈ ಮಾತು ಸೌಜನ್ಯದಂತೆಯೇ ಇದೆ. ನಿಜವಾಗಿ ಅದು ಸೌಜನ್ಯವೋ ಉದಾಸೀನವೋ ಎಂಬುದು ನನ್ನ ಪ್ರಶ್ನೆ.

ಇದಕ್ಕೆ ಉತ್ತರವನ್ನು ಅಲಂಕಾರಶಾಸ್ತ್ರದಲ್ಲಿ ಹುಡುಕುವ ಬದಲು, ದೊಡ್ಡಬಳ್ಳಾಪುರದ ಕಡೆಯೋ ನೆಲಮಂಗಲದ ಕಡೆಯೋ ಒಂದು ಹಳ್ಳಿಯಲ್ಲಿ 'ಕುರುಕ್ಷೇತ್ರ' ನಾಟಕ ನಡೆದ ಮರುದಿನ ಬೆಳಿಗ್ಗೆ ಅಲ್ಲಿಯ ಕಾಫಿ ಹೋಟೆಲಿನ ಬೆಂಚಿನ ಮೇಲೆ ಕುಳಿತು ಕೇಳುವುದು ವಾಸಿ. ಬೆಂಗಳೂರು ಗ್ರಾಮಾಂತರ, ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ವೀರಣ್ಣನವರ ಕೈಯಲ್ಲಿ ಬೆಳೆದ ಕಂಪನಿ, ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು 'ಕುರುಕ್ಷೇತ್ರ'ವನ್ನು ಆಡಿ ತೋರಿಸಿತು. ಹಳೆಯ ಮೈಸೂರು ಸೀಮೆಯ ದೊಡ್ಡ ಕಂಪನಿಗಳ ವೈಭವವೆಲ್ಲ ಮುಗಿದರೂ ಅವುಗಳ ಮಟ್ಟುಗಳು ಹಳ್ಳಿಗಳಲ್ಲಿ ಉಳಿದುಕೊಂಡವು. ಹಗಲೆಲ್ಲ ರಾಗಿಯ ಹೊಲದಲ್ಲೋ ಮಗ್ಗದ ಮುಂದೋ ಕಾರ್ಖಾನೆಯಲ್ಲೋ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟರ ಎದುರು ಕುಳಿತು ತಿಂಗಳುಗಟ್ಟಲೆ ಪಾಠ ಒಪ್ಪಿಸುತ್ತಾರೆ. ಪಾತ್ರ ಮಾಡಿದ್ದಕ್ಕೆ ಹಣ ಬರುವುದಿಲ್ಲ. ಪಾತ್ರಧಾರಿಯೇ ಹಣ ಕಟ್ಟುತ್ತಾನೆ. ಕೃಷ್ಣ ದುರ್ಯೋಧನರಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಸೀನರಿ, ಕಿರೀಟ, ಗದೆ ಎಲ್ಲವೂ ಬಾಡಿಗೆಗೆ ಬರುತ್ತವೆ. ರಾತ್ರಿ ತೊಡಗಿದ ಯುದ್ಧ ಮುಗಿಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ.

ಬೆಳಿಗ್ಗೆ ಹೋಟೆಲಿನಲ್ಲಿ ತೀರ್ಪು. ದುರ್ಯೋಧನ ಅಲ್ಲೇ ಕೂತಿರುತ್ತಾನೆ, ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿರುತ್ತದೆ.

"ಅಲ್ಲ ಕಣಣ್ಣ, ಸಂಧಾನದ ಸೀನ್‌ನಾಗೆ ಶ್ರುತಿನೇ ಬಿಟ್‌ಬಿಟ್ಯಲ್ಲ!"

"ಮೈಕಿನೋನು ಸೌಂಡ್ ಏರಿಸ್ದ ಕಣೋ. ಪೆಟ್ಟಿಗೆನೇ ಕೇಳಿಸ್ಲಿಲ್ಲ."

"ನಮ್ ತಾತನ ಕಾಲ್ದಾಗೆ ಮೈಕೇ ಇರ್ಲಿಲ್ಲ. ಊರಾಚೆಗಂಟ ಕೇಳ್ತಿತ್ತಂತೆ."

ಅಲ್ಲಿ ಯಾರೂ 'ಅವರವರ ಇಷ್ಟ ಅವರವರಿಗೆ' ಎನ್ನುವುದಿಲ್ಲ. ಹಾಗೆ ಅಂದಿದ್ದರೆ ದುರ್ಯೋಧನನಿಗೆ ಹೆಚ್ಚು ನೋವಾಗುತ್ತಿತ್ತು. ಆತ ಹಣ ಕಟ್ಟಿದ್ದಾನೆ, ನಿದ್ದೆ ಕೆಟ್ಟಿದ್ದಾನೆ. ಅವನ ಹಾಡು ಸರಿಯೋ ತಪ್ಪೋ ನಮಗೆ ಸಂಬಂಧವಿಲ್ಲ ಎಂಬುದಕ್ಕಿಂತ ದೊಡ್ಡ ಅವಮಾನ ಯಾವುದು? ಶ್ರುತಿ ಬಿಟ್ಟೆ ಎಂದವನು ಬೆಳಗಿನ ತನಕ ಚಾಪೆಯ ಮೇಲೆ ಎಚ್ಚರವಾಗಿ ಕೂತು ಕೇಳಿದ್ದಾನೆ. ತಪ್ಪು ಹಿಡಿಯಬೇಕಾದರೆ ಮೊದಲು ಕಿವಿಗೊಡಬೇಕು. ಪರಊರಿನವನಾಗಿದ್ದರೆ 'ಚೆನ್ನಾಗಿತ್ತು' ಎಂದು ಕೈಮುಗಿದು ಬಸ್ಸು ಹತ್ತಿಬಿಡುತ್ತಿದ್ದ.

ಇನ್ನೂ ಒಂದು ವಿಷಯ. 'ನನಗೆ ಹಿಡಿಸಲಿಲ್ಲ' ಎಂಬ ಮಾತು ನನ್ನಲ್ಲೇ ಹುಟ್ಟಿ ನನ್ನಲ್ಲೇ ಮುಗಿಯುತ್ತದೆ. ಅದರ ಮೇಲೆ ಅಪೀಲಿಲ್ಲ. 'ಶ್ರುತಿ ಬಿಟ್ಟೆ' ಎಂಬ ಮಾತು ಹಾಗಲ್ಲ. ಅದನ್ನು ಮೂರನೆಯವನು ಪರೀಕ್ಷಿಸಬಹುದು, ದುರ್ಯೋಧನ ಅಲ್ಲಗಳೆಯಬಹುದು, ಮೇಷ್ಟರನ್ನು ಕರೆದು ಸಾಕ್ಷಿ ಕೇಳಬಹುದು. ಇಷ್ಟ ಎಂಬುದು ನಮ್ಮೊಡನೆ ಹುಟ್ಟಿ ಬಂದದ್ದು. ಅದಕ್ಕೆ ಕಾರಣ ಬೇಡ. ರುಚಿ ಎಂಬುದನ್ನು ಕಲಿಯಬೇಕು. ಕಲಿಯುವುದೆಂದರೆ ಇನ್ನೊಬ್ಬರಿಂದ, ಅದೂ ಅನೇಕ ವೇಳೆ ನಮ್ಮ ಮಾತು ಬಿದ್ದುಹೋದಾಗ. ಹರಟೆಯ ಜಗಲಿ ಆ ಕಲಿಕೆಯ ಪಾಠಶಾಲೆ.

ಆ ಹಳ್ಳಿಯ ಪೆಟ್ಟಿಗೆಯ ಕಥೆಯನ್ನೇ ನೋಡಿ. ಹಾರ್ಮೋನಿಯಂ ಒಂದು ಕಾಲಕ್ಕೆ ಹೊಸ ಯಂತ್ರ. 19ನೆಯ ಶತಮಾನದಲ್ಲಿ ಯೂರೋಪಿನಿಂದ ನಮ್ಮಲ್ಲಿಗೆ ಬಂದದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಾರಲಾರದು. ಸ್ವರವನ್ನು ತೂಗಲಾರದು, ಅಲುಗಿಸಲಾರದು. ಗಮಕವೇ ಪ್ರಾಣವಾದ ನಮ್ಮ ಸಂಗೀತಕ್ಕೆ ಇದು ಸಲ್ಲದು ಎಂದು ಬಲ್ಲವರು ಆಕ್ಷೇಪಿಸಿದರು. 1940ರಲ್ಲಿ ಅಖಿಲ ಭಾರತ ರೇಡಿಯೋ ಅದನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ಆ ನಿಷೇಧ ಸುಮಾರು ಮೂವತ್ತು ವರ್ಷ ನಡೆಯಿತು. ಅದೇ ಕಾಲದಲ್ಲಿ ನಾಟಕದ ರಂಗದ ಮುಂದೆ ಹಾರ್ಮೋನಿಯಂ ಸಿಂಹಾಸನವೇರಿ ಕೂತಿತ್ತು. ದೂರಕ್ಕೆ ಕೇಳುತ್ತದೆ, ರಾತ್ರಿಯ ಚಳಿಗೆ ತಂತಿಯಂತೆ ಶ್ರುತಿ ಇಳಿಯುವುದಿಲ್ಲ, ಹೆಚ್ಚು ಕಲಿಯದ ಕಂಠಕ್ಕೂ ಕೈ ಹಿಡಿದು ನಡೆಸುತ್ತದೆ. ಯಾರ ಮಾತು ಸರಿ? ಇಬ್ಬರದೂ ಸರಿ. ರಾತ್ರಿ ಮೂರು ಗಂಟೆಗೆ ರಂಗದ ಮೇಲೆ ನಿಂತ ರೈತನಿಗೆ ಬೇಕಾದದ್ದು ಆಸರೆ. ಆದರೆ ಗಮಕ ಹೋಯಿತಲ್ಲ ಎಂದು ಗೊಣಗುವವರು ಒಬ್ಬರೂ ಇಲ್ಲದಿದ್ದರೆ, ಪೆಟ್ಟಿಗೆ ಹೇಳಿಕೊಡುವುದರಾಚೆಗೂ ಹಾಡು ಇದೆ ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಆಸರೆ ಕೊಡುವವರೂ ಬೇಕು, ಗೊಣಗುವವರೂ ಬೇಕು.

ಗ್ರಾಮಾಫೋನು ಬಂದಾಗಲೂ ಹೀಗೆಯೇ ಆಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತುತ್ತೂರಿಯ ಮುಂದೆ ನಿಂತು ಹಾಡಿದರು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಒಂದು ಗಂಟೆ ಅರಳಬೇಕಾದ ರಾಗವನ್ನು ಮೂರು ನಿಮಿಷಕ್ಕೆ ಹಿಂಡುವುದು ಅನ್ಯಾಯವಲ್ಲವೆ? ಅನ್ಯಾಯವೇ. ಆದರೆ ಆಸ್ಥಾನದ ಬಾಗಿಲು ದಾಟಲಾರದ ಕಿವಿಗಳಿಗೆ ಆ ಮೂರು ನಿಮಿಷವೇ ದೊಡ್ಡ ದಾನ. ಆಕೆಯೇ ಕೊನೆಯ ದಿನಗಳಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು ನೆಲೆಸಿ, 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆಮೇಲೆ ರೇಡಿಯೋ ಬಂತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದರು. ಬೆಂಗಳೂರು ಕೇಂದ್ರ 1955ರಲ್ಲಿ ತೊಡಗಿತು. ಮನೆಗೊಂದು ರೇಡಿಯೋ ಇದ್ದ ಕಾಲದಲ್ಲಿ ಅಜ್ಜನಿಗೆ ಕಚೇರಿ ಬೇಕು, ಮೊಮ್ಮಗನಿಗೆ ಚಿತ್ರಗೀತೆ. ಯಾರಾದರೂ ಒಬ್ಬರು ಸೋಲಬೇಕಾಗಿತ್ತು. ಸೋತವರು ಗೊಣಗುತ್ತಲೇ ಇನ್ನೊಬ್ಬರ ಹಾಡು ಕೇಳಿದರು. ಕೇಳುತ್ತ ಕೇಳುತ್ತ ಅದರಲ್ಲೂ ಏನೋ ಇದೆ ಎಂದು ಕಂಡುಕೊಂಡರು.

ಊಟದ ಮಾತಿಗೆ ಬಂದರೆ ಜಗಳ ಇನ್ನೂ ಖಾರ. ಹೊಸಕೋಟೆಗೆ ಬೆಳಗಿನ ಜಾವವೇ ಬೆಂಗಳೂರಿನಿಂದ ಕಾರುಗಳಲ್ಲಿ ಹೋಗಿ ಬಿರಿಯಾನಿಗೆ ಸಾಲು ನಿಲ್ಲುವವರಿದ್ದಾರೆ. "ಸೂರ್ಯ ಹುಟ್ಟುವ ಮೊದಲೇ ಬಿರಿಯಾನಿಯೇ? ಶಿವ ಶಿವ!" ಎಂದು ಒಬ್ಬರು ಮೂಗೆಳೆದರೆ, "ನೀವು ಸುಪ್ರಭಾತಕ್ಕೂ ಏಳುವುದಿಲ್ಲ ರಾಯರೇ. ಅವರು ಬಿರಿಯಾನಿಗಾದರೂ ಏಳುತ್ತಾರೆ" ಎಂದು ಇನ್ನೊಬ್ಬರ ಉತ್ತರ. ದೇವನಹಳ್ಳಿಯ ಚಕ್ಕೋತವನ್ನು ಬರಿದೆ ತಿನ್ನಬೇಕೋ ಉಪ್ಪು ಖಾರ ಹಚ್ಚಿ ತಿನ್ನಬೇಕೋ ಎಂಬುದು ಮತ್ತೊಂದು ವ್ಯಾಜ್ಯ. ಚಳಿಗಾಲ ಬಂತೆಂದರೆ ಅವರೆಕಾಯಿ: ಕಾಯಿ ಬಿಡಿಸಿ, ಕಾಳು ನೆನೆಹಾಕಿ, ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆದು ಮಾಡಿದ ಸಾರನ್ನು ಮುದ್ದೆಗೆ ನೆಂಚಿಕೊಂಡವರು ಅದರ ವಿಷಯವಾಗಿ ಭಾಷಣವನ್ನೇ ಮಾಡಬಲ್ಲರು. ಹಿತುಕಿದ ಬೆರಳು ಯಾರವು ಎಂಬುದು ಮಾತ್ರ ಆ ಭಾಷಣದಲ್ಲಿ ಬರುವುದು ಕಡಮೆ.

ನಮ್ಮ ಹರಟೆಯ ದೊಡ್ಡ ಕೊರತೆ ಇಲ್ಲಿಯೇ ಇರುವುದು. "ಮಿಕ್ಸಿಯಲ್ಲಿ ರುಬ್ಬಿದ ಚಟ್ನಿ ಚಟ್ನಿಯೇ ಅಲ್ಲ. ಒರಳುಕಲ್ಲಿನ ರುಚಿಯೇ ಬೇರೆ" ಎಂದು ಜಗಲಿಯ ಮೇಲೆ ಒಬ್ಬರು ಘೋಷಿಸುತ್ತಾರೆ. ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಯಂತ್ರದ ಅಲಗು ವೇಗವಾಗಿ ತಿರುಗಿ ಕತ್ತರಿಸುತ್ತದೆ, ಬಿಸಿ ಮಾಡುತ್ತದೆ. ಕಲ್ಲು ನಿಧಾನವಾಗಿ ಅರೆಯುತ್ತದೆ. ಅಷ್ಟರಲ್ಲಿ ಒಳಗಿನಿಂದ ಕಾಫಿ ತಂದವರು, "ಒರಳು ಹಿತ್ತಲಲ್ಲೇ ಇದೆ ಮೇಷ್ಟ್ರೇ. ನಾಳೆ ಬೆಳಿಗ್ಗೆ ಬಂದು ನೀವೇ ರುಬ್ಬಿಕೊಡಿ" ಎಂದು ಹೇಳಿ ಲೋಟ ಇಟ್ಟು ಹೋಗುತ್ತಾರೆ. ಎಷ್ಟು ಮನೆಗಳ ಜಗಲಿಯಲ್ಲಿ ಈ ಮಾತು ಕೇಳಿಬಂದಿರಬೇಕು! ಮೇಷ್ಟರ ನಾಲಿಗೆ ಸುಳ್ಳು ಹೇಳಿರಲಿಲ್ಲ. ಆದರೆ ಆ ರುಚಿಯ ಬೆಲೆಯನ್ನು ಯಾರ ರಟ್ಟೆ ಕೊಡಬೇಕು ಎಂಬ ಲೆಕ್ಕವನ್ನು ಅವರು ಬಿಟ್ಟಿದ್ದರು. ರುಚಿಯ ಜಗಳದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ದುಡಿಯುವವರು ಮಾತಿಗೆ ಸೇರದಿದ್ದರೆ ಅದನ್ನು ಕೇಳುವವರೇ ಇರುವುದಿಲ್ಲ.

ಒರಳಿನ ಹಾಗೆ ಬೀಸುವ ಕಲ್ಲೂ ಮೂಲೆ ಸೇರಿದೆ. ಅದರೊಡನೆ ಹೋದದ್ದು ಹಿಟ್ಟಿನ ರುಚಿಯೊಂದೇ ಅಲ್ಲ. ನಸುಕಿನಲ್ಲಿ ಕಲ್ಲಿನ ಮುಂದೆ ಕೂತ ಹೆಂಗಸರು ಕಟ್ಟಿ ಹಾಡಿದ ಪದಗಳಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಸಂದರ್ಭವೇ ಉಳಿಯಲಿಲ್ಲ. ಉತ್ತರದಲ್ಲಿ, ಆಗಿನ ಬಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಪದಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಗೆಳೆಯರ ಕೂಟವೊಂದು ಮಾಡಿದ ಕೆಲಸವಿದು ಎಂಬುದನ್ನು ಮರೆಯಬಾರದು. ಹಾಡು ಉಳಿಯಲೆಂದು ಹೆಂಗಸರನ್ನು ಮತ್ತೆ ಕಲ್ಲಿನ ಮುಂದೆ ಕೂರಿಸಬೇಕೆಂದು ಮನಸ್ಸಾಕ್ಷಿಯುಳ್ಳವರು ಯಾರೂ ಹೇಳಲಾರರು. ಕಲ್ಲು ಹೋಯಿತಲ್ಲ, ಹಾಡೂ ಹೋಗಲಿ ಎನ್ನುವುದೂ ಅಷ್ಟೇ ಒರಟು ಮಾತು. ಕಲ್ಲನ್ನು ಹೋಗಗೊಟ್ಟು ಹಾಡನ್ನು ಹಿಡಿದಿಟ್ಟುಕೊಂಡರು, ಅದು ಸರಿಯಾದ ದಾರಿ. ಹೊಸ ಯಂತ್ರ ಯಾವುದೇ ಬರಲಿ, ಅದು ಯಾರ ಹೆಗಲಿನ ಭಾರ ಇಳಿಸಿತು, ಇಳಿಸುವಾಗ ಜೊತೆಗೆ ಏನನ್ನು ಒಯ್ದಿತು, ಒಯ್ದದ್ದನ್ನು ಬೇರೆ ಬಗೆಯಲ್ಲಿ ಉಳಿಸಿಕೊಳ್ಳಬಹುದೆ ಎಂದು ಜಗಲಿಯ ಮೇಲೆ ಕೇಳಬೇಕು.

ಈಗ ನಮ್ಮ ಜೇಬಿಗೆ ಬಂದಿರುವ ಯಂತ್ರದ ಜಾತಿ ಸ್ವಲ್ಪ ಬೇರೆ. ಅದರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಹಳೆಯ ನಾಟಕದ ಹಾಡು ಬೇಕೆಂದರೆ ಕ್ಷಣದಲ್ಲಿ ಸಿಗುತ್ತದೆ; ಸಮುದ್ರದಾಚೆ ಇರುವ ಮಗ ಊರಿನ 'ಕುರುಕ್ಷೇತ್ರ'ವನ್ನು ಅಲ್ಲಿಂದಲೇ ನೋಡುತ್ತಾನೆ. ಆದರೆ ನಾವು ನಿನ್ನೆ ಏನು ಕೇಳಿದೆವೆಂದು ನೆನಪಿಟ್ಟುಕೊಂಡು ಅದು ಇವತ್ತು ಅಂಥದನ್ನೇ ಬಡಿಸುತ್ತದೆ. ಕಿವಿಗೆ ಬಿರಡೆ ಇಟ್ಟುಕೊಂಡು ದೊಡ್ಡಬಳ್ಳಾಪುರದಿಂದ ಬೆಂಗಳೂರಿನವರೆಗೆ ಒಂದೇ ಸೀಟಿನಲ್ಲಿ ಕುಳಿತ ಇಬ್ಬರಲ್ಲಿ ಯಾರೂ ಸೋಲಬೇಕಾದ್ದಿಲ್ಲ. ಯಂತ್ರ ನಮ್ಮ ಇಷ್ಟಕ್ಕೆ ಎದುರಾಡುವುದಿಲ್ಲ, ಶ್ರುತಿ ಬಿಟ್ಟೆ ಎನ್ನುವುದಿಲ್ಲ, ನೀನೇ ರುಬ್ಬು ಎನ್ನುವುದಿಲ್ಲ. ಇಷ್ಟ ಕೊಬ್ಬುತ್ತದೆ, ರುಚಿ ಸೊರಗುತ್ತದೆ. ಗೆಳೆಯನೊಬ್ಬ "ಇದನ್ನೊಂದು ಕೇಳಿ ನೋಡು" ಎಂದಾಗ ಪಕ್ಕದಲ್ಲೇ ಕುಳಿತು ನಮ್ಮ ಮುಖ ನೋಡುತ್ತಿರುತ್ತಾನೆ. ನಾವು ಆಕಳಿಸಿದರೆ ಅವನ ಮುಖ ಬಾಡುತ್ತದೆ. ಯಂತ್ರಕ್ಕೆ ಬಾಡುವ ಮುಖವಿಲ್ಲ.

ಹಾಗೆಂದು ಎಲ್ಲ ಜಗಳವೂ ಒಳ್ಳೆಯದಲ್ಲ. ತಿನ್ನುವ ಪದಾರ್ಥದ ಮೇಲಿನ ಮಾತು ತಿನ್ನುವವನ ಮೇಲೆ ತಿರುಗುವುದು ನಮ್ಮ ನಾಡಿನಲ್ಲಿ ಬಲು ಸುಲಭ. ಏನು ತಿನ್ನುತ್ತೀರಿ ಎಂದು ಕೇಳಿ ಮನೆ ಬಾಡಿಗೆಗೆ ಕೊಡುವವರು, ಕೊಡದಿರುವವರು ನಮ್ಮ ನಡುವೆಯೇ ಇದ್ದಾರೆ. ಹಳ್ಳಿಯ ನಾಟಕವನ್ನು ಹಂಗಿಸುವಾಗ ಹಾಡಿನ ನೆಪದಲ್ಲಿ ಹಾಡಿದವನ ಕಸುಬನ್ನು ಹಂಗಿಸುವವರೂ ಉಂಟು. ಅದು ರುಚಿಯಲ್ಲ, ರುಚಿಯ ವೇಷ ಹಾಕಿದ ತಿರಸ್ಕಾರ. ಅಂಥ ಕಡೆ 'ಅವರವರ ಇಷ್ಟ ಅವರವರಿಗೆ' ಎಂಬ ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಅಲ್ಲಿ ಅದು ಹಕ್ಕಿನ ಮಾತು. ಹುಳಿ ಹೆಚ್ಚಾಯಿತೆಂದು ಎಷ್ಟು ಬೇಕಾದರೂ ಜಗಳವಾಡಬಹುದು, ಪಕ್ಕದವನನ್ನು ಪಂಕ್ತಿಯಿಂದ ಎಬ್ಬಿಸುವಂತಿಲ್ಲ. ಆದರೆ ಪಂಕ್ತಿಯಲ್ಲಿ ಒಟ್ಟಿಗೆ ಕೂತ ಸ್ನೇಹಿತರ ನಡುವೆಯೂ ಅದೇ ಮಾತನ್ನು ಹೇಳಿ ಸುಮ್ಮನಾದರೆ, ನಿನ್ನ ನಾಲಿಗೆ ಕಿವಿಗಳಿಗೂ ನನಗೂ ಸಂಬಂಧವಿಲ್ಲ ಎಂದಂತಾಗುತ್ತದೆ. ಅದು ಉದಾಸೀನ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದರೆ ಅವನು ಜಗಳವಾಡುವುದಿಲ್ಲ ಎಂದು ಅರ್ಥ ಮಾಡಬೇಕಾಗಿಲ್ಲ. ಆಡಿದ ಜಗಳ ಅವನಲ್ಲಿ ಉಳಿಯುವುದಿಲ್ಲ ಎಂದು ತಿಳಿಯಬಹುದು. ಹಳ್ಳಿಯವರಿಗೆ ಇದು ಗೊತ್ತಿದೆ. ಶ್ರುತಿ ಬಿಟ್ಟೆ ಎಂದವನೇ ಮುಂದಿನ ವರ್ಷ ಭೀಮನ ಪಾತ್ರಕ್ಕೆ ಹಣ ಕಟ್ಟಿರುತ್ತಾನೆ. ಮರುದಿನ ಬೆಂಚಿನ ಮೇಲೆ ಕುಳಿತು ತೀರ್ಪು ಹೇಳುವ ಸರದಿ ಆಗ ದುರ್ಯೋಧನನದು.