ಕುಮಾರಧಾರೆಯಲ್ಲಿ ಮಿಂದ ಬಯಲುಸೀಮೆಯವರಿಗೆ

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯ ಜನ ಘಟ್ಟ ಇಳಿದು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವುದು ಹರಕೆ ತೀರಿಸಲು. ಹರಕೆ ತೀರುತ್ತದೆ. ಅಲ್ಲಿಯ ಕುಮಾರಧಾರೆ ಹೊಳೆಯನ್ನು ನೋಡುವ ಆಸೆ ತೀರುವುದಿಲ್ಲ.

*

ನಾವು ಮಳೆಯ ಹೆಸರು ಹಿಡಿದು ಕಾಯುವವರು: ಭರಣಿ ಬಂತೇ, ರೋಹಿಣಿ ಹದ ಕೊಟ್ಟಿತೇ ಎಂದು. ಅಲ್ಲಿಯವರು ಕಾಯುವುದು ಮಳೆ ಹೊಳವಾಗುವುದನ್ನು. ಪಾವಗಡದಲ್ಲಿ ವರ್ಷಕ್ಕೆ ಸುಮಾರು 500–600 ಮಿಲಿಮೀಟರ್ ಬಿದ್ದರೆ ಸುಬ್ರಹ್ಮಣ್ಯದ ಕಾಡಿನಲ್ಲಿ 4,000 ದಾಟುತ್ತದೆ. ಎರಡು ಊರಿಗೂ ಸರ್ಕಾರ ಒಂದೇ, ಮುಂಗಾರೂ ಒಂದೇ.

*

ಸ್ನಾನಘಟ್ಟದಲ್ಲಿ ನಮ್ಮ ಕಡೆಯ ಅಜ್ಜಿಯೊಬ್ಬರು ಮೂರು ಮುಳುಗು ಹಾಕಿ ಮೇಲೆ ಬಂದರು. ಮೊಮ್ಮಗ ಚೊಂಬಿನಲ್ಲಿ ಉಳಿದ ನೀರನ್ನು ಮೆಟ್ಟಿಲ ಮೇಲೆ ಸುರಿಯಲು ಹೋದ. ಅಜ್ಜಿ ಅವನ ಕೈ ಹಿಡಿದು, “ನೆಲಕ್ಕೆ ಚೆಲ್ಲಬೇಡ ಕಣಪ್ಪ, ಹೊಳೆಗೇ ಬಿಡು” ಎಂದರು. ಎದುರಿಗೆ ಹೊಳೆ ದಡ ತುಂಬಿ ಹರಿಯುತ್ತಿತ್ತು. ಒಂದು ಚೊಂಬಿನಿಂದ ಅದಕ್ಕೇನೂ ಆಗಬೇಕಿರಲಿಲ್ಲ. ನೀರಿನ ಬೆಲೆ ಗೊತ್ತಿದ್ದವರಿಗೆ ತುಂಬಿದ ಹೊಳೆಯ ಮುಂದೆಯೂ ಕೈ ಬಿಗಿಯಾಗಿಯೇ ಇರುತ್ತದೆ.

*

ಅದೇ ಸ್ನಾನಘಟ್ಟದಲ್ಲಿ ಕಲ್ಲಿಗೆ ಸುತ್ತಿಕೊಂಡ ಪಂಚೆ, ಸೀರೆ, ಶಾಂಪೂ ಪೊಟ್ಟಣ. ಉಟ್ಟ ಬಟ್ಟೆ ಹೊಳೆಯಲ್ಲಿ ಬಿಟ್ಟರೆ ಪಾಪ ಹೋಗುತ್ತದೆಂದು ಯಾರೋ ಹೇಳಿಕೊಟ್ಟಿದ್ದಾರೆ. ಪಾಪ ಹೋಗುವುದು ಉಪ್ಪಿನಂಗಡಿಯ ಕಡೆಗೆ, ಕೆಳಗಿನವರು ಕುಡಿಯುವ ನೀರಿಗೆ.

*

ಮಳೆಗಾಲದಲ್ಲಿ ಯಾವ ಹಳ್ಳವೂ ಹೊಳೆಯೇ. ಯುಗಾದಿ ಕಳೆದ ಮೇಲೂ ಹರಿಯುವುದಾದರೆ ಅದರ ಬೆನ್ನಿಗೆ ಕಾಡಿದೆ ಎಂದು ತಿಳಿಯಬೇಕು. ಕುಮಾರಧಾರೆಯ ಬೆನ್ನಿಗಿರುವುದು ಕುಮಾರಪರ್ವತದ ಹುಲ್ಲುಗಾವಲು, ಅದರ ಕೆಳಗಿನ ಕತ್ತಲೆಗಾಡು, ನೆಲದ ಮೇಲೆ ಕೊಳೆತ ತರಗೆಲೆ. ಆಷಾಢದ ಮಳೆ ಇವುಗಳೊಳಗೆ ಇಳಿದು ಚೈತ್ರದಲ್ಲಿ ಹೊರಗೆ ಬರುತ್ತದೆ.

*

ನಾಗಲಮಡಿಕೆಯವರು ಹೇಳುವ ಕಥೆ ನನಗೆ ಬಹಳ ಇಷ್ಟ. ಪ್ರತಿವರ್ಷ ಕುಕ್ಕೆಗೆ ಹೋಗುತ್ತಿದ್ದ ಭಕ್ತನೊಬ್ಬನಿಗೆ ಮುಪ್ಪು ಬಂದು ನಡೆಯಲಾಗಲಿಲ್ಲವಂತೆ. ಸುಬ್ರಹ್ಮಣ್ಯನೇ ಉತ್ತರ ಪಿನಾಕಿನಿಯ ದಡಕ್ಕೆ ಬಂದನಂತೆ. ಹೀಗೆ ಕುಕ್ಕೆ ಆದಿ ಸುಬ್ರಹ್ಮಣ್ಯ, ಘಾಟಿ ಮಧ್ಯ, ನಮ್ಮ ಪಾವಗಡದ ನಾಗಲಮಡಿಕೆ ಅಂತ್ಯ. ದೇವರು ಬಂದ, ಕುಮಾರಧಾರೆ ಬರಲಿಲ್ಲ. ಪಿನಾಕಿನಿಯಲ್ಲಿ ವರ್ಷದ ಬಹುಪಾಲು ಕಾಣುವುದು ಮರಳು, ಜಾಲಿ.

*

ಈಗ ನೀರನ್ನೂ ಕರೆದಿದ್ದೇವೆ. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳು ಇಳಿದು ಗುಂಡ್ಯ ಹೊಳೆಯಾಗಿ ಸೇರುವುದು ಇದೇ ಕುಮಾರಧಾರೆಯನ್ನು. ಈ ಹಳ್ಳಗಳ ನೀರನ್ನು ನಮ್ಮ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಪ್ರಕಾರ ಸಿಗುವ ನೀರಿನ ಲೆಕ್ಕ 24 ಟಿಎಂಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನದ ಲೆಕ್ಕ 9.55. ಮೊದಲ ಹಂತದ ಪಂಪುಗಳು 2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ ಓಡಿದವು. ನಾವು ಬೇಡುವುದು ತಪ್ಪಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ, ಮೂಳೆ ಬಾಗಿದ ಜನ ಬೇಡದೆ ಇನ್ನೇನು ಮಾಡಿಯಾರು? ಆದರೆ ಬೇಡುವವನು ಕೊಡುವವನ ಕಣಜ ನೋಡಿರಬೇಕು.

*

ಗುಂಡ್ಯದ ಹೆಸರನ್ನೇ ಹೊತ್ತ ಕಪ್ಪೆಯೊಂದಿದೆ, ‘ಇಂಡಿರಾನಾ ಗುಂಡಿಯಾ’. ಅಳಿವಿನಂಚಿನಲ್ಲಿದೆ. ನೀರು ಎಷ್ಟಿದೆ ಎಂಬ ಸಭೆಗೆ ಅದನ್ನು ಯಾರೂ ಕರೆಯುವುದಿಲ್ಲ.

*

“ಸಮುದ್ರಕ್ಕೆ ಹೋಗಿ ಹಾಳಾಗುವ ನೀರು” ಎಂಬ ಮಾತು ಬೇಡ. ಮೊಗವೀರರ ಬಲೆಯ ಮೀನೂ ಆ ನೀರನ್ನು ನಂಬಿಕೊಂಡಿದೆ.

*

ನಮ್ಮ ಕಡೆಯ ಜಯಮಂಗಲಿ ಹೊಳೆಯೂ ಕಾಡಿನ ಮಗಳೇ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಪಿನಾಕಿನಿಗೆ ಸೇರುತ್ತಾಳೆ. ಅವಳ ಪಾತ್ರದಲ್ಲಿ, ಕೆರೆಯಂಗಳಗಳಲ್ಲಿ ನಮ್ಮ ಹಿರಿಯರು ತಲಪರಿಗೆ ತೋಡಿ, ಮರಳಿನಡಿ ಜಿನುಗುವ ನೀರನ್ನು ಕಾಲುವೆಯಲ್ಲಿ ಹೊಲಕ್ಕೆ ತಂದರು. ಕರೆಂಟು ಬೇಕಿರಲಿಲ್ಲ. ಸರದಿಯ ಪ್ರಕಾರ ನೀರು ಹಂಚುತ್ತಿದ್ದರು, ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಹೂಳೆತ್ತುತ್ತಿದ್ದರು. ಆಮೇಲೆ ಮರಳನ್ನು ಲಾರಿಗೆ ತುಂಬಿದೆವು, ಸಾವಿರ ಅಡಿ ಬೋರು ಕೊರೆದೆವು. ಈ ನಷ್ಟಕ್ಕೆ ಘಟ್ಟದವರು ಕಾರಣರಲ್ಲ.

*

ಕುಕ್ಕೆಯಲ್ಲಿ ಮಲೆಕುಡಿಯರು ಚಂಪಾಷಷ್ಠಿಗೆ ತೇರನ್ನು ಬಿದಿರು, ಬೆತ್ತದಲ್ಲೇ ಕಟ್ಟುತ್ತಾರೆ. ಕಾಡು ಹೋದರೆ ತೇರೂ ಇಲ್ಲ.

*

ಹರಕೆಗೆ ಹೋಗುವವರಲ್ಲಿ ಒಂದು ಕೋರಿಕೆ. ಒಮ್ಮೆ ಏಪ್ರಿಲ್‌ನಲ್ಲಿ ಹೋಗಿ. ಗುಂಡ್ಯದಲ್ಲಿ ಬಸ್ಸಿಳಿದು ಸೇತುವೆಯ ಮೇಲೆ ನಿಂತು ಹೊಳೆಯಲ್ಲಿ ಎಷ್ಟು ನೀರಿದೆ ನೋಡಿ. ಊರಿಗೆ ಬಂದ ಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು, ನಿಮ್ಮೂರ ತಲಪರಿಗೆಯ ಹೂಳು ತೆಗೆಸಬೇಕೆಂದು ಕೇಳಿ.