ಹೊಲಿಯುವ ಕೈಗಳ ಸಾಕ್ಷಿ

ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ, 36ರಿಂದ 42ನೇ ವಚನ ತೆಗೆಯಿರಿ. ಯೊಪ್ಪದಲ್ಲಿ ದೊರ್ಕಳು ತೀರಿಹೋದಾಗ ವಿಧವೆಯರು ಅಳುತ್ತಾ ಪೇತ್ರನಿಗೆ ಏನು ತೋರಿಸಿದ್ರು? ಅವಳು ಮಾಡಿಕೊಟ್ಟ ಬಟ್ಟೆಗಳನ್ನ! ಅವಳಾಡಿದ ಒಂದು ಮಾತೂ ಅಲ್ಲಿ ಬರೆದಿಲ್ಲ. ಕೈಕೆಲಸವೇ ಸಾಕ್ಷಿ ಹೇಳಿತು.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತ್ತು. ನಮ್ಮ ಶಿಕಾರಿಪುರ, ಸೊರಬದ ಬೀದಿಗಳು ಖಾಲಿಯಾಗಿದ್ದ ದಿನಗಳನ್ನ ಯಾರು ಮರೀತಾರೆ? ಆಗ ಕರ್ನಾಟಕದ ಊರೂರಲ್ಲಿ ಸ್ವಸಹಾಯ ಸಂಘದ ತಾಯಂದಿರು ಹೊಲಿಗೆ ಮಿಷನ್ ಮುಂದೆ ಕೂತು, ಹತ್ತಿ ಬಟ್ಟೆ ಕತ್ತರಿಸಿ, ನೆರಿಗೆ ಹಿಡಿದು, ಮಾಸ್ಕ್ ಹೊಲಿದ್ರು.

ಗಮನಿಸಿ ಪ್ರಿಯರೇ, ಬಟ್ಟೆ ಮಾಸ್ಕ್ ಹೆಚ್ಚಾಗಿ ಕಾಯೋದು ಹಾಕಿಕೊಂಡವರನ್ನಲ್ಲ, ಎದುರಿಗೆ ನಿಂತವರನ್ನ. ನಮ್ಮ ಕೆಮ್ಮಿನ ಹನಿ ಅವರಿಗೆ ತಾಗದ ಹಾಗೆ ತಡೆಯುತ್ತೆ. ನೆರೆಯವರ ಪ್ರೀತಿ ಅಂದ್ರೆ ಇದೇ. ಅದು ಯಾರ ಮುಖಕ್ಕೆ ಹೋಗುತ್ತೆ, ಅವರ ಜಾತಿ ಯಾವುದು, ನಂಬಿಕೆ ಯಾವುದು, ಹೊಲಿಯೋ ಕೈಗೆ ಗೊತ್ತಿರಲ್ಲ. ನಾವಾದ್ರೆ ಸಹಾಯಕ್ಕೆ ಮೊದಲು "ನಮ್ಮ ಸಭೆಯವರಾ?" ಅಂತ ಕೇಳ್ತೀವಿ!

ಆ ಮಾಸ್ಕ್‌ಗಳು ಹರಿದುಹೋದ್ವು. ಯೊಪ್ಪದ ವಿಧವೆಯರ ಹಾಗೆ ಎತ್ತಿ ತೋರಿಸೋಕೆ ಯಾರ ಹತ್ತಿರವೂ ಇಲ್ಲ. ಆದ್ರೆ ಕರ್ತನು ಮರೆತಿಲ್ಲ, ಸ್ತೋತ್ರ! ನಾನು ಇವತ್ತು ನಿಮ್ಮನ್ನ ಕೇಳ್ತೀನಿ: ನಿಮ್ಮ ಕೈಯಲ್ಲಿ ಏನಿದೆ? ಈ ವಾರ ಅದು ನಿಮ್ಮವರಲ್ಲದ ಒಬ್ಬರಿಗೆ ಮುಟ್ಟಲಿ. ಆಮೆನ್.