‘ಮರಳಿ ಬರುತ್ತೇನೆ’ ಎಂದು ಬರೆಯಬಹುದೆ?

ಕಳೆದ ಮಳೆಗಾಲದ ಒಂದು ಭಾನುವಾರ. ಎರಡನೆಯ ಪೂಜೆ ಮುಗಿದು ಜನರೆಲ್ಲ ಮನೆಯ ದಾರಿ ಹಿಡಿದಿದ್ದರು. ಯುವತಿಯೊಬ್ಬಳು ಗುರುನಿವಾಸದ ಜಗುಲಿಯಲ್ಲಿ ಕೊಡೆ ಮಡಿಸಿಕೊಂಡು ನಿಂತಿದ್ದಳು. ಸಮೀಪದ ಪ್ರಾಥಮಿಕ ಶಾಲೆಯಲ್ಲಿ ಏಳು ವರ್ಷಗಳಿಂದ ಪಾಠ ಹೇಳುತ್ತಿರುವವಳು. ನಾನು ಈ ಊರಿಗೆ ಬಂದಾಗಿನಿಂದ ಭಾನುವಾರದ ಧರ್ಮೋಪದೇಶದ ತರಗತಿಗಳನ್ನೂ ಅವಳೇ ನಡೆಸಿಕೊಡುತ್ತಿದ್ದಾಳೆ.

“ಫಾದರ್, ನನಗೊಂದು ಶಿಫಾರಸು ಪತ್ರ ಬೇಕಿತ್ತು” ಎಂದಳು.

“ಯಾವುದಕ್ಕಮ್ಮ?”

“ಲಂಡನ್ನಿನಲ್ಲಿ ಎಂ.ಎ. ಮಾಡಬೇಕೆಂದಿದ್ದೇನೆ. ಅಂತರರಾಷ್ಟ್ರೀಯ ಶಿಕ್ಷಣ ಅಂತ ಒಂದು ವಿಷಯ ಇದೆ.”

ಪತ್ರ ಬರೆದುಕೊಡುವುದು ಕಷ್ಟದ ಕೆಲಸವಲ್ಲ. ಆದರೆ ಅವಳು ಹೊರಡುವ ಮುನ್ನ ಒಂದು ಮಾತು ಕೇಳಿದಳು. ಅರ್ಜಿಯ ಜೊತೆಗೆ ‘ನಾನೇಕೆ ಓದಬೇಕೆಂದಿದ್ದೇನೆ, ಓದಿ ಏನು ಮಾಡುತ್ತೇನೆ’ ಎಂದು ಎರಡು ಪುಟ ಬರೆದುಕೊಡಬೇಕಂತೆ. ಪೇಟೆಯಲ್ಲಿ ಇಂಥ ಅರ್ಜಿಗಳನ್ನು ತುಂಬಿಸಿಕೊಡುವ ಏಜೆಂಟರು, “ಓದು ಮುಗಿಸಿ ಮರಳಿ ಬಂದು ನನ್ನ ಊರಿನ ಮಕ್ಕಳ ಸೇವೆ ಮಾಡುತ್ತೇನೆ ಎಂದು ಬರೆಯಿರಿ. ಎಲ್ಲರೂ ಹಾಗೆಯೇ ಬರೆಯುತ್ತಾರೆ” ಎಂದು ಹೇಳಿದ್ದರು. “ಫಾದರ್, ನಾನು ಬರುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಹಾಗೆ ಬರೆದರೆ ಸುಳ್ಳಾಗುತ್ತದೆಯೆ?”

ಪ್ರಿಯ ಓದುಗರೇ, ಗುರುಮಠದಲ್ಲಿ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿದವನು ನಾನು. ಆದರೂ ಅಂದು ಜಗುಲಿಯಲ್ಲಿ ನಿಂತು ಅವಳಿಗೆ ಕೂಡಲೇ ಉತ್ತರ ಕೊಡಲು ನನ್ನಿಂದಾಗಲಿಲ್ಲ. “ಮುಂದಿನ ವಾರ ಬಾಮ್ಮ” ಎಂದು ಕಳುಹಿಸಿದೆ. ಇಂದು ನಮ್ಮ ಅನೇಕ ಕುಟುಂಬಗಳ ಬಾಗಿಲಲ್ಲಿ ನಿಂತಿರುವ ಪ್ರಶ್ನೆ ಇದು. ಆದ್ದರಿಂದ ಆ ವಾರವೆಲ್ಲ ನಾನು ಯೋಚಿಸಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಓದು ಎಂಥದೆಂದು ನೋಡೋಣ. ನಗರಗಳಲ್ಲಿ ಕಾಣುವ ಇಂಟರ್‌ನ್ಯಾಷನಲ್ ಶಾಲೆಗಳಿಗೂ ಇದಕ್ಕೂ ಹೆಚ್ಚಿನ ನಂಟಿಲ್ಲ. ಬೇರೆ ಬೇರೆ ದೇಶಗಳು ತಮ್ಮ ಮಕ್ಕಳಿಗೆ ಹೇಗೆ ಕಲಿಸುತ್ತವೆ, ಬಡದೇಶಗಳ ಶಾಲೆಗಳು ಏಕೆ ಸೋಲುತ್ತವೆ, ಒಂದು ದೇಶದ ಅನುಭವದಿಂದ ಇನ್ನೊಂದು ಏನು ಕಲಿಯಬಹುದು ಎಂಬುದನ್ನು ವಿಚಾರಿಸುವ ಶಾಸ್ತ್ರ ಇದು. ಲಂಡನ್ನಿನ ಶಿಕ್ಷಣ ಸಂಸ್ಥೆಯಲ್ಲಿ ಇದಕ್ಕೆ ಹಳೆಯ ಚರಿತ್ರೆಯಿದೆ. ಆ ಸಂಸ್ಥೆ 1902ರಲ್ಲಿ ಶಿಕ್ಷಕರ ತರಬೇತಿ ಕಾಲೇಜಾಗಿ ಆರಂಭವಾಯಿತು. 2014ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನೊಡನೆ ಸೇರಿಕೊಂಡಿತು. ಅಲ್ಲಿ 1927ರಲ್ಲಿ ವಸಾಹತುಗಳ ಶಿಕ್ಷಣಕ್ಕೆಂದೇ ಒಂದು ವಿಭಾಗ ತೆರೆದರು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಾಡುಗಳಿಗೆ ಹೊರಟ ಅಧಿಕಾರಿಗಳಿಗೂ ಮಿಷನರಿಗಳಿಗೂ ಅಲ್ಲಿ ತರಬೇತಿ ಸಿಗುತ್ತಿತ್ತು. ಕಾಲ ಹೇಗೆ ತಿರುಗಿತು ನೋಡಿ! ಅಂದು ನಮ್ಮಂಥವರಿಗೆ ಕಲಿಸಲು ಹೊರಟವರು ಕುಳಿತಿದ್ದ ಕಡೆ ಇಂದು ನಮ್ಮ ಮಕ್ಕಳೇ ಶುಲ್ಕ ತೆತ್ತು ಕುಳಿತುಕೊಳ್ಳುತ್ತಾರೆ.

ಈ ಶಾಸ್ತ್ರದ ಹಿರಿಯರಲ್ಲಿ ಮೈಕೆಲ್ ಸ್ಯಾಡ್ಲರ್ ಒಬ್ಬರು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗದ ಅಧ್ಯಕ್ಷರಾಗಿ ನಮ್ಮ ದೇಶಕ್ಕೂ ಬಂದವರು. 1900ರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಎಂಬ ಊರಿನಲ್ಲಿ ಅವರು ಮಾಡಿದ ಭಾಷಣವನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ. ಪರದೇಶದ ಶಾಲಾ ಪದ್ಧತಿಯ ಚೂರುಪಾರನ್ನು ಆಯ್ದು ತಂದು ನಮ್ಮ ನೆಲದಲ್ಲಿ ಊರಿದರೆ ಅದು ಚಿಗುರುವುದಿಲ್ಲ. ಶಾಲೆಯ ಹೊರಗಿರುವ ಜನಜೀವನವೇ ಶಾಲೆಯ ಒಳಗಿರುವುದಕ್ಕೆ ಜೀವ ಕೊಡುತ್ತದೆ ಎಂಬುದು ಅವರ ಮಾತಿನ ಸಾರ. ನಮ್ಮ ಮಲೆನಾಡಿನ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡಿಕೆ ಸಸಿಯನ್ನು ಕೀಳುವಾಗ ಬೇರಿನ ಮಣ್ಣು ಉದುರದಂತೆ ಎಷ್ಟು ಜೋಪಾನ ಮಾಡುತ್ತೇವೆ! ಹಾಗಾದರೆ ಈ ಓದಿಗೆ ಹೋಗುವವರ ನಿಜವಾದ ಬಂಡವಾಳ ಅವರ ಊರಿನ ಶಾಲೆಯ ಅನುಭವವೇ. ನಮ್ಮ ಶಿಕ್ಷಕಿಯ ಏಳು ವರ್ಷಗಳ ಮಣ್ಣು ಅವಳ ಬೇರಿನಲ್ಲಿದೆ.

ಇನ್ನು ಅವಳ ಪ್ರಶ್ನೆಗೆ ಬರೋಣ. ಸುಳ್ಳೆಂದರೇನು? ಮನಸ್ಸಿನಲ್ಲಿರುವುದಕ್ಕೆ ವಿರುದ್ಧವಾಗಿ ಮಾತನಾಡುವುದು. ಸಂತ ತೋಮಸ್ ಅಕ್ವಿನಾಸರು ಈ ವಿಷಯವನ್ನು ಬಿಡಿಸಿ ನೋಡಿದ್ದಾರೆ. ಮಾತು ಕೊಡುವಾಗ ನಡೆಸಿಕೊಡುವ ಮನಸ್ಸು ಇದ್ದವನು ಸುಳ್ಳಾಡಿದಂತಲ್ಲ. ಆಮೇಲೆ ಅವನು ನಡೆಸದೆ ಹೋದರೆ ಅದು ಮಾತಿಗೆ ತಪ್ಪಿದಂತೆ. ಆದರೂ ಸಂದರ್ಭವೇ ಬದಲಾಗಿ ಹೋಗಿದ್ದರೆ ಅವನಿಗೆ ಕ್ಷಮೆಯುಂಟು. ಈ ವಿವೇಚನೆಯನ್ನು ನಮ್ಮ ಪ್ರಶ್ನೆಗೆ ಅನ್ವಯಿಸಿದರೆ ಮೂರು ಬಗೆಯ ಜನ ಕಾಣುತ್ತಾರೆ. ಬರಲೇಬೇಕೆಂಬ ಮನಸ್ಸಿನಿಂದ ಬರೆದು, ಕಷ್ಟಕ್ಕೆ ಸಿಕ್ಕಿ ಬರಲಾಗದವರು ಸುಳ್ಳುಗಾರರಲ್ಲ. ಬರುವುದಿಲ್ಲವೆಂದು ಗಟ್ಟಿಮಾಡಿಕೊಂಡೇ ‘ಬರುತ್ತೇನೆ’ ಎಂದು ಬರೆಯುವವರು, ಮರಳಿ ಬಂದರೂ, ಬರೆದ ಗಳಿಗೆಯಲ್ಲಿ ಸುಳ್ಳು ಬರೆದವರೇ. ಮೂರನೆಯವರು ನಮ್ಮ ಶಿಕ್ಷಕಿಯಂಥವರು. ಅವರಿಗೇ ತಿಳಿಯದು. ತಿಳಿಯದ್ದನ್ನು ತಿಳಿದಂತೆ ಬರೆಯುವುದು ಪೂರ್ತಿ ಸುಳ್ಳಲ್ಲದಿದ್ದರೂ ಸತ್ಯವಂತೂ ಅಲ್ಲ.

“ಎಲ್ಲರೂ ಬರೆಯುತ್ತಾರಲ್ಲ, ಓದುವವರಿಗೂ ಅದು ಗೊತ್ತಲ್ಲ” ಎಂದು ಕೆಲವರು ಹೇಳಬಹುದು. ಆದರೆ ಆ ಮಾತನ್ನು ನಂಬಿ ಹಣ ಕೊಡುವವರಿದ್ದಾರೆ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ವೆಚ್ಚವನ್ನು ಭರಿಸುತ್ತದೆ. ಅದನ್ನು ಪಡೆದವರು ಓದು ಮುಗಿದ ಮೇಲೆ ಕನಿಷ್ಠ 2 ವರ್ಷ ತಮ್ಮ ದೇಶದಲ್ಲಿರಬೇಕೆಂಬ ಕರಾರಿದೆ. ಅಮೆರಿಕದ ವಿದ್ಯಾರ್ಥಿ ವೀಸಾ ಕೇಳುವವರು ತಾಯ್ನಾಡಿನ ನೆಲೆಯನ್ನು ತೊರೆಯುವ ಉದ್ದೇಶ ತಮಗಿಲ್ಲವೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಬ್ರಿಟನ್ನಿನ ವೀಸಾಕ್ಕೆ ಖರ್ಚಿನ ಹಣ 28 ದಿನ ಸತತವಾಗಿ ಖಾತೆಯಲ್ಲಿತ್ತೆಂದು ತೋರಿಸುವ ನಿಯಮವಿದೆ. ಆ 28 ದಿನಗಳ ಮಟ್ಟಿಗೆ ಯಾರಿಂದಲೋ ಬಡ್ಡಿಗೆ ಹಣ ತಂದಿಟ್ಟು, 29ನೆಯ ದಿನ ಹಿಂದಿರುಗಿಸಿದರೆ ಅದು ಅಂಕಿಗಳಲ್ಲಿ ಬರೆದ ಸುಳ್ಳು. ಶಿಕ್ಷಕರಾಗಲು ಹೊರಟವರ ಮೊದಲ ಪಾಠವೇ ಸುಳ್ಳಾದರೆ ಮುಂದಿನ ಪಾಠಗಳ ಗತಿಯೇನು?

ಇಲ್ಲಿಯವರೆಗೆ ವಿಷಯ ಸರಳವೆಂದು ನನಗೂ ತೋರಿತ್ತು. ಆಗ ಹಳೆಯದೊಂದು ನೆನಪು ಎದ್ದುನಿಂತಿತು. ನಾನು ಹಿಂದಿನ ಧರ್ಮಕೇಂದ್ರದಲ್ಲಿದ್ದಾಗ ಒಬ್ಬ ಹುಡುಗನಿಗೆ ಇಂಥದೇ ಶಿಫಾರಸು ಪತ್ರ ಬರೆದುಕೊಟ್ಟಿದ್ದೆ. “ಈತನು ಮರಳಿ ಬಂದು ತನ್ನ ಜನರ ಸೇವೆ ಮಾಡುವನೆಂಬ ಭರವಸೆ ನನಗಿದೆ” ಎಂದು ಕೊನೆಯ ಸಾಲಿನಲ್ಲಿ ಸೇರಿಸಿದ್ದೆ. ಅವನು ಹಾಗೆಂದು ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಅವನು ಬರಲಿಲ್ಲ. ವರ್ಷಗಳವರೆಗೆ ಅವನ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು. ಒಮ್ಮೆ ಅವನ ತಂದೆ ಬಂದು, “ಫಾದರ್, ಮನೆ ಪತ್ರ ಇನ್ನೂ ಬ್ಯಾಂಕಿನಲ್ಲೇ ಇದೆ. ಅವನು ಅಲ್ಲಿ ರಾತ್ರಿ ಪಾಳಿಯಲ್ಲಿ ದುಡಿದು ಕಳಿಸಿದ್ದರಿಂದ ಮನೆ ಉಳಿದಿದೆ” ಎಂದಾಗ ನನಗೆ ನಾಚಿಕೆಯಾಯಿತು. ಮಾತು ಕೊಟ್ಟವನು ನಾನು. ತಪ್ಪಿದವನೆಂಬ ಹೆಸರು ಅವನಿಗೆ!

ನಮ್ಮ ಭಾಷೆಯಲ್ಲಿ ಸಾಲ ಮತ್ತು ಋಣ ಎಂಬ ಎರಡು ಮಾತುಗಳಿವೆ. ಬ್ಯಾಂಕಿನಿಂದ ತಂದದ್ದು ಸಾಲ. ಅಕ್ಷರ ಕಲಿಸಿದ ಶಾಲೆಗೆ, ಹೊತ್ತು ಬೆಳೆಸಿದ ಊರಿಗೆ ಇರುವುದು ಋಣ. ಸಾಲಕ್ಕೆ ಬಡ್ಡಿ, ಗಡುವು, ಜಾಮೀನು ಉಂಟು. ಋಣಕ್ಕೆ ಇವು ಯಾವುವೂ ಇಲ್ಲ; ಅದು ಎಂದಿಗೂ ಪೂರ್ತಿ ತೀರುವುದೂ ಇಲ್ಲ. ಪರದೇಶದ ಓದಿನಲ್ಲಿ ಇವೆರಡೂ ಒಂದಕ್ಕೊಂದು ಎದುರಾಗುತ್ತವೆ. ಲೆಕ್ಕ ಹಾಕಿ ನೋಡಿ. ಲಂಡನ್ನಿನಲ್ಲಿ ಇಂಥ ಓದಿಗೆ ಹೊರದೇಶದವರು ಕೊಡಬೇಕಾದ ಶುಲ್ಕವೇ 20,000 ಪೌಂಡಿಗಿಂತ ಹೆಚ್ಚು. ಊಟ ವಸತಿ ಬೇರೆ. 25 ಲಕ್ಷ ರೂಪಾಯಿ ಸಾಲ ಮಾಡಿದರೆ, ನೂರಕ್ಕೆ 10ರಂತೆ ವರ್ಷದ ಬಡ್ಡಿ 2,50,000. ಅಂದರೆ ತಿಂಗಳಿಗೆ 20,000ಕ್ಕೂ ಮಿಕ್ಕು, ಅಸಲು ಹಾಗೆಯೇ ಉಳಿಯುತ್ತದೆ. ನಮ್ಮ ಶಿಕ್ಷಕಿಯ ಸಂಬಳ 18,000. ಸಾಮಾನ್ಯವಾಗಿ ಬ್ಯಾಂಕುಗಳು 7.5 ಲಕ್ಷ ಮೀರಿದ ಸಾಲಕ್ಕೆ ಆಸ್ತಿಯ ಅಡಮಾನ ಕೇಳುತ್ತವೆ. ಅವಳ ತಂದೆಗಿರುವುದು ಒಂದೂವರೆ ಎಕರೆ ಅಡಿಕೆ ತೋಟ. ಈ ಸಾಲ ಹೊತ್ತು ಹೋದವಳು ಊರಿನ ಶಾಲೆಗೆ ಹೇಗೆ ಮರಳಿಯಾಳು? ಬ್ರಿಟನ್ 2021ರಿಂದ ಓದು ಮುಗಿಸಿದವರಿಗೆ ದುಡಿಯಲು 2 ವರ್ಷಗಳ ಅವಕಾಶ ಕೊಟ್ಟಿತು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಆ ಅವಧಿಯೆಲ್ಲ ಸಾಲ ತೀರಿಸುವುದರಲ್ಲೇ ಕಳೆದೀತು. ಹೀಗೆ ‘ಬರುತ್ತೇನೆ’ ಎಂಬ ಮಾತು ಎಷ್ಟೋ ಸಲ ಮಕ್ಕಳ ಮನಸ್ಸಿನಲ್ಲಿ ಕೆಡುವುದಿಲ್ಲ. ಅಡಮಾನದ ಪತ್ರಕ್ಕೆ ಸಹಿ ಬೀಳುವಾಗಲೇ ಕೆಟ್ಟಿರುತ್ತದೆ.

ಹಾಗಾದರೆ ಹೋದವರೆಲ್ಲ ಬರಲೇಬೇಕೆ? ಹಾಗೆಂದು ವಿಧಿಸಲು ನನಗೆ ಧೈರ್ಯವಿಲ್ಲ. ಲಂಡನ್ನಿನ ಬಡ ಬಡಾವಣೆಯ ಮಗುವೂ ದೇವರ ಮಗುವೇ. ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದು, 1894ರಲ್ಲಿ ಕನ್ನಡ ನಿಘಂಟನ್ನು ನಮಗಿತ್ತರು. ಅವರು ತಮ್ಮ ಊರಿನವರಿಗೆ ದ್ರೋಹ ಬಗೆದರೆಂದು ನಾವ್ಯಾರೂ ಹೇಳುವುದಿಲ್ಲ. ಮರಳುವುದಕ್ಕೆ ಒಂದೇ ಗಡುವೂ ಇಲ್ಲ. ಈ ಶಾಸ್ತ್ರವನ್ನು ಓದುವವರು ಪಾವ್ಲೊ ಫ್ರೇರೆ ಎಂಬ ಹೆಸರನ್ನು ಕೇಳದೆ ಇರಲಾರರು. ಬ್ರೆಜಿಲಿನ ಬಡವರಿಗೆ ಅಕ್ಷರ ಕಲಿಸಿದ ತಪ್ಪಿಗೆ ಸೆರೆ ಕಂಡು, 1964ರಲ್ಲಿ ಅವರು ದೇಶ ಬಿಡಬೇಕಾಯಿತು. ಚಿಲಿ, ಅಮೆರಿಕ, ಜಿನೀವಾ ಎಂದು ಅಲೆದು 1980ರಲ್ಲಿ ಮರಳಿ ನೆಲೆಸಿದರು. 1989ರಲ್ಲಿ ಸಾವೊ ಪಾವ್ಲೊ ನಗರದ ಶಿಕ್ಷಣದ ಹೊಣೆ ಹೊತ್ತರು. ಹದಿನಾರು ವರ್ಷ ಹೊರಗಿದ್ದಾಗಲೂ ಅವರು ಚಿಂತಿಸಿದ್ದು ಅದೇ ಅಕ್ಷರವಿಲ್ಲದ ಬಡವರನ್ನು ಕುರಿತು. ಋಣವೆಂಬುದು ಕಾಲು ಎಲ್ಲಿದೆ ಎಂಬುದಕ್ಕಿಂತ ಮುಖ ಯಾವ ಕಡೆಗಿದೆ ಎಂಬುದನ್ನು ಕೇಳುತ್ತದೆ ಎಂದು ನನಗನಿಸುತ್ತದೆ. ಆದರೆ ಈ ಮಾತೂ ಜಾರಿಕೊಳ್ಳುವವರಿಗೆ ನೆಪವಾಗಬಾರದು. ಮುಖ ಊರಿನ ಕಡೆಗಿದ್ದರೆ ಕೈಯಿಂದ ಏನಾದರೂ ಊರಿಗೆ ತಲುಪಲೇಬೇಕು.

ಮುಂದಿನ ಭಾನುವಾರ ಅವಳು ತಂದೆತಾಯಿಯರೊಡನೆ ಬಂದಳು. ನಾನು ಅವಳಿಗೆ ಹೇಳಿದ್ದು ಇಷ್ಟೇ: “ತಿಳಿಯದ್ದನ್ನು ಬರೆಯಬೇಡ. ಖಂಡಿತವಾಗಿ ಕೊಡಬಲ್ಲ ಮಾತನ್ನು ಮಾತ್ರ ಬರೆ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಶಾಲೆಯ ಮಕ್ಕಳ ಮಾತೆತ್ತಿದಳು. ಮನೆಯಲ್ಲಿ ಒಂದು ಭಾಷೆ, ಪಾಠದಲ್ಲಿ ಇನ್ನೊಂದು. ನಾಲ್ಕನೆಯ ತರಗತಿಗೆ ಬಂದರೂ ಓದಿದ್ದು ಅರ್ಥವಾಗದ ಮಕ್ಕಳು. “ಇವರಿಗೆ ಹೇಗೆ ಕಲಿಸಬೇಕು ಅನ್ನೋದೇ ನನ್ನ ಪ್ರಶ್ನೆ ಫಾದರ್. ಅಲ್ಲಿ ಏನು ಸಿಕ್ಕಿದರೂ ಅದನ್ನು ಈ ಶಾಲೆಗೆ ತಲುಪಿಸುತ್ತೇನೆ ಅಂತ ಬರೀತೀನಿ. ಅದು ಮಾತ್ರ ಖಂಡಿತ.”

“ಹೋದವರು ಯಾರು ಬಂದಿದ್ದಾರೆ ಫಾದರ್?” ಎಂದು ಅವಳ ತಾಯಿ ಕಣ್ಣೊರೆಸಿಕೊಂಡರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಂದೆ ಮಾತ್ರ ದೃಢವಾಗಿ, “ತೋಟ ಇಡ್ತೀನಿ ಫಾದರ್. ಮಗಳಿಗಿಂತ ತೋಟ ಹೆಚ್ಚೆ?” ಎಂದರು. ಆಗ ಅವಳೇ, “ಬೇಡ ಅಪ್ಪ. ತೋಟ ಇಟ್ಟು ಹೋದರೆ ನಾನು ಬರೆದದ್ದು ಸುಳ್ಳಾಗುತ್ತೆ” ಎಂದಳು.

ಆ ವರ್ಷ ಅವಳಿಗೆ ಪ್ರವೇಶ ಸಿಕ್ಕಿತು, ವಿದ್ಯಾರ್ಥಿವೇತನ ಸಿಗಲಿಲ್ಲ. ಅವಳು ಹೋಗಲಿಲ್ಲ. ಈ ಸಲ ಮತ್ತೆ ಅರ್ಜಿ ಹಾಕಿದ್ದಾಳೆ. ಸಿಗುವುದೋ ಇಲ್ಲವೋ ಗೊತ್ತಿಲ್ಲ. ನಾನು ಬರೆದ ಪತ್ರದಲ್ಲಿ ಹಳೆಯ ಕೊನೆಯ ಸಾಲಿಲ್ಲ. ಅವಳು ಏಳು ವರ್ಷ ಏನು ಮಾಡಿದ್ದಾಳೆಂದು ನಾನು ಕಣ್ಣಾರೆ ಕಂಡದ್ದಷ್ಟೇ ಅದರಲ್ಲಿದೆ.

ಮಕ್ಕಳನ್ನು ಪರದೇಶಕ್ಕೆ ಕಳುಹಿಸಲು ಯೋಚಿಸುತ್ತಿರುವ ತಂದೆತಾಯಿಯರೇ, ಹೊರಡಲು ಸಿದ್ಧರಾಗಿರುವ ಯುವಜನರೇ, ಒಂದು ಸಂಜೆ ಜಪಸರ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಓದಿನಿಂದ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ? ಯಾರಿಗೆ ಏನೆಂದು ಮಾತು ಕೊಡುತ್ತಿದ್ದೇವೆ? ನಾವು ಮಾಡುವ ಸಾಲ ಆ ಮಾತನ್ನು ಉಳಿಸಿಕೊಳ್ಳಲು ಬಿಡುತ್ತದೆಯೆ? ಉತ್ತರಗಳು ಪ್ರಾಮಾಣಿಕವಾಗಿದ್ದರೆ, ಹೋಗುವವರು ನೆಮ್ಮದಿಯಿಂದ ಹೋಗಲಿ, ಉಳಿಯುವವರು ಕೊರಗಿಲ್ಲದೆ ಉಳಿಯಲಿ. ಅರ್ಜಿಯಲ್ಲಿ ಮಾತ್ರ, ನಾವು ಹೊರಬಲ್ಲಷ್ಟೇ ಮಾತಿರಲಿ.